ಸೀಸದ ಕಿಸೆ

ಹಳೆ ಬಸ್ ಸ್ಟ್ಯಾಂಡ್ ಹಿಂದಿನ ಸಂದ್ಯಾಗ
ಸ್ಕೂಟರ್ ಸೀಟು, ಆಟೋ ಹುಡ್ಡು, ಟ್ರ್ಯಾಕ್ಟರ್ ಮೆತ್ತಿ
ಹೊಲಿಯೂದು ನನ್ನ ದಂಧೆ.
ನನ್ನ ಹೊಲಿಗಿ ಬಿಚ್ಚೂದಿಲ್ಲ ಅಂತ
ಕುಂದಗೋಳದಿಂದನೂ ಬರತಾರ ಗಿರಾಕಿ.

ಮೊನ್ನೆ ಮಂಗಳವಾರ ದಾವಲಮಲಿಕ ಬಂದ.
ಫೈರ್ ಬ್ರಿಗೇಡಿನವ, ನೀರಾಗ ಮುಳುಗಾಂವ.
ಹೆಗಲ ಮ್ಯಾಲೆ ಕರೀ ಜಾಕೀಟು, ಕೈಯಾಗ ಗೋಣಿಚೀಲ.
ಚೀಲ ಇಳಿಸಿದಾಗ
ಮಶೀನಿನ ಕಾಲು ಒಮ್ಮೆ ನಡುಗಿತು.

ಒಳಗ ಸೀಸ. ಸಾಬೂನಿನಷ್ಟು ಒಂದೊಂದು,
ಎತ್ತಿದರ ಕೈ ಮೋಸ ಹೋಗತೈತಿ.
"ಅಕ್ಕಾರ, ಇದನ್ನ ಎಲ್ಲಿ ಇಡಬೇಕನ್ನೂದ ನನ್ನ ಜಗಳ.
ಕಾರವಾರದಾಗ ಕಲಿಸಿದವರು
ಎಂಟು ಕಿಲೋ ಕಟ್ಟಿದರು ಸೊಂಟಕ್ಕ.
ಉಪ್ಪುನೀರು ಮನಶಾನ್ನ ಎತ್ತೆತ್ತಿ ಒಗೀತೈತ್ರಿ.
ನಮ್ಮ ಉಣಕಲ್ ಕೆರಿ ಸಪ್ಪನ್ನ ನೀರು,
ಅಷ್ಟು ಕಟಕೊಂಡರ ಸೀದಾ ಕೆಸರಿಗೆ.
ಎರಡು ತಗದೆ, ಆರು ಉಳೀತು.
ಆದರೂ ಕಾಲ ಮೊದಲ ಇಳೀತಾವ.
ಕಾಲು ತಾಗಿದರ ರಾಡಿ ಏಳತೈತಿ,
ರಾಡಿ ಎದ್ದರ ನನ್ನ ಕೈ ನನಗ ಕಾಣಸೂದಿಲ್ಲ.
ದಂಡಿಮ್ಯಾಲೆ ನಿಂತವರು 'ಸಿಕ್ಕನೇನ್ರೀ?' ಅಂತಿರತಾರ."

ಯಾರು ಅಂತ ನಾ ಕೇಳಲಿಲ್ಲ.

ನಮ್ಮಪ್ಪ ಅಮರಗೋಳ ಎಪಿಎಂಸಿಯಾಗ ಹಮಾಲ.
ನೂರು ಕಿಲೋ ಕಡ್ಲಿ ಕುತಗೀ ಬುಡಕ್ಕ ಕುಂತಿತಂದರ
ಓಡಿಕೋತ ಹೋಗಾಂವ.
ಒಂದು ಗೇಣು ತೆಳಗ ಜಾರಿದರ ಮುಗೀತು,
ಮಾರಿ ಮ್ಯಾಲಾಗಿ, ಹೆಜ್ಜಿ ಹಿಂದಾಗಿ,
ಎಲ್ಲಾರ ಎದುರಿಗೆ ಬೈಸಿಕೊಳ್ಳಾಂವ.
"ಭಾರ ಕೊಲ್ಲೂದಿಲ್ಲವಾ, ಜಾಗಾ ಕೊಲ್ಲತೈತಿ."

"ಬೋರಲ ಮಲಗು" ಅಂದೆ ದಾವಲಗ.
ರೆಗ್ಜಿನ್ ಕತ್ತರಸೂ ಹಲಗಿ ಮ್ಯಾಲೆ
ಕೈಕಾಲು ಚಾಚಿ ಈಸುವವರಂಗ ಮಲಗಿದ.
ಚಾ ಹುಡುಗ ಬಾಯಿ ಮುಚ್ಚಿಕೊಂಡು ನಕ್ಕ.
ನಾನು ಒಂದೊಂದ ಸೀಸ ಇಟ್ಟೆ: ಇಲ್ಲೆ? ಇಲ್ಲೇನು?
ನಾಲ್ಕು ಸೊಂಟಕ್ಕ ಇರಲಿ, ಎರಡು ಮ್ಯಾಲೆ,
ಸಿಲಿಂಡರಿನ ಪಟ್ಟಾಕ್ಕ, ಕುತಗೀ ಹತ್ರ.
ಸೀಮೆಸುಣ್ಣದ ಗುರುತು ಹಾಕಿದೆ.

"ಸೊಂಟದ ಕಿಸೆ ಗಟ್ಟಿ ಹೊಲೀಬ್ಯಾಡ್ರಿ.
ಒಂದ ಜಗ್ಗಿಗೆ ಬಿಚ್ಚಿ ಬೀಳಬೇಕು.
ಏನರ ಆದರ ಸೀಸ ತೆಳಗ, ನಾ ಮ್ಯಾಲೆ."
ಇಪ್ಪತ್ತೆರಡು ವರ್ಷದಾಗ ಯಾರೂ ಅಂದಿರಲಿಲ್ಲ ಹಿಂಗ.
ಸಿಟ್ಟ ಬಂತು ಮೊದಲ.
ಆಮೇಲೆ ಹೊಲಿದೆ, ಬಿಚ್ಚಲಿಕ್ಕಂತ.
ತೆಳಗ ಗಾದಿ ಹಾಸಿ ಹತ್ತು ಸಲ ಜಗ್ಗಿ ನೋಡಿದೆ,
ಹತ್ತೂ ಸಲ ಬಿತ್ತು. ಎಡಗೈಲೆ ಜಗ್ಗಿದರೂ ಬಿತ್ತು.

ಚಾ ಕುಡಿಯೂಮುಂದ ಅಂದ:
ತುಂಬಿದ ಸಿಲಿಂಡರಿಗೊಂದು ತೂಕ, ತೀರಿದ್ದಕ್ಕೊಂದು.
ಒಂದ ಮುಳುಗಿಗೆ ಎರಡು ಕಿಲೋ ಉಸುರು ಖರ್ಚು.
ಬರೂಮುಂದ ಹಗರಾಗಿ ತೇಲಿ ಹೋಗಬಾರದಲ್ಲ,
ಕಡೀ ಉಸುರು ಹಿಡದ ಲೆಕ್ಕಾ ಮಾಡಬೇಕ್ರಿ ಸೀಸ.

ಉಸುರನ್ನ ಕಿಲೋದಾಗ ಹೇಳಿದ್ದು ಕೇಳಿದ್ದಿಲ್ಲ ನಾ.
ಹಂಗಾದರ, ಉಸುರು ಹ್ವಾದಮ್ಯಾಲೆ
ಮನಶಾ ಹಗರ ಆಗಬೇಕಿತ್ತಲ್ಲ?
ನಮ್ಮಪ್ಪನ್ನ ಎತ್ತಿದವರೂ ಹಮಾಲರ, ನಾಲ್ಕು ಮಂದಿ,
"ಭಾರ ಅದಾನ" ಅಂದಿದ್ದರು, ಎರಡು ಸಲ ಇಳಿಸಿದ್ದರು.
ದಾವಲಗ ಗೊತ್ತಿದ್ದೀತು ಈ ಲೆಕ್ಕ.
ಬಾಯಿಗೆ ಬಂದದ್ದನ್ನ ಚಾದಾಗ ಹಾಕಿ ಕುಡಿದೆ.

ಶುಕ್ರವಾರ ಮತ್ತ ಬಂದ. ಜಾಕೀಟು ಇನ್ನೂ ಹಸೀ,
ಕೆರಿ ವಾಸನಿ ಅಂಗಡಿ ತುಂಬ.
"ಒಂದಿಷ್ಟು ಎಡಕ್ಕ ವಾಲತೀನ್ರಿ,
ಬ್ಯಾಟರಿ ಎಡಕ್ಕ ಐತಲ್ಲ, ಬಲಕ್ಕ ಅರ್ಧ ಕಿಲೋ ಸರಸ್ರಿ."
ಬರೇ ನಾಲ್ಕು ಟಾಕಿ ಕೆಲಸ.
"ಉಳಿದದ್ದು?"
"ಹಲಗಿಮ್ಯಾಲೆ ಮಲಗಿದಂಗ ಮಲಗಿದ್ದೆ ನೀರಾಗ."
"ರಾಡಿ?"
"ಏಳಲಿಲ್ಲ. ಸ್ವಚ್ಛ ಇತ್ತು.
ಎಲ್ಲಾ ಕಾಣಸ್ತು."
ಅಂದು ಮಾರಿ ರಸ್ತಾದ ಕಡೆ ತಿರುವಿದ.

ಸೂಜಿಗೆ ದಾರ ಪೋಣಸೂದು
ತಡ ಆತು ನನಗ.